ಲ್ಯಾಬಿನಿಂದ ಕ್ಲಿನಿಕ್ಕಿಗೆ

ಜೂನ್ 3, ಮಂಗಳವಾರ

ಮದುವೆಯಾಗಿ ಇನ್ನೂ ತಿಂಗಳು ತುಂಬಿಲ್ಲ, ಆಗಲೇ ನನಗೆ ಕೆಲಸ ಸಿಕ್ಕಿಬಿಟ್ಟಿದೆ! ಅದೂ ಎಲ್ಲಿ? ಇವರ ಮೇಜಿನ ಎದುರು ಮೇಜಿನಲ್ಲಿ! ತಲೆ ಎತ್ತಿದರೆ ಇವರು, ತಗ್ಗಿಸಿದರೆ ಕೀಬೋರ್ಡು. ಇನ್ನೇನು ಬೇಕು ನನಗೆ? ಓದಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೆ ಸಂತೋಷವನ್ನು ಇಂಗ್ಲಿಷಿನಲ್ಲಿ ಬರೆದರೆ ಯಾಕೋ ಅಂಗಡಿಯಲ್ಲಿ ಕೊಂಡ ಶುಭಾಶಯ ಪತ್ರದ ಹಾಗೆ ಕಾಣುತ್ತದೆ. ಹಾಗಾಗಿ ಕನ್ನಡ.

ಆದದ್ದು ಇಷ್ಟು. ಇವರೂ ಇವರ ಅಣ್ಣನೂ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಒಂದು ಕಂಪನಿ ನಡೆಸುತ್ತಾರೆ. ಊರಿನ ಸಣ್ಣ ಪುಟ್ಟ ವ್ಯಾಪಾರಸ್ಥರ ವೆಬ್‌ಸೈಟುಗಳನ್ನೂ ಮೇಲ್‌ಗಳನ್ನೂ ತಮ್ಮ ಸರ್ವರ್‌ನಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ ಕೆಲಸ. ಯಾರಿಗೆ ಎಷ್ಟು ಜಾಗ, ಯಾರ ಮೇಲ್ ಎಲ್ಲಿಗೆ ಎಂಬುದನ್ನೆಲ್ಲ ನಿಭಾಯಿಸುವುದಕ್ಕೆ ಒಂದು ಕಂಟ್ರೋಲ್ ಪ್ಯಾನೆಲ್ ಇದೆ. ಅದನ್ನು ತಯಾರಿಸಿದವರು ಅಂಗಡಿ ಮುಚ್ಚುತ್ತಿದ್ದಾರಂತೆ. ತಿಂಗಳ ಕೊನೆಗೆ ಅದು ಕಣ್ಣು ಮುಚ್ಚುತ್ತದೆ. ಅಷ್ಟರೊಳಗೆ ಎಲ್ಲ ಗಿರಾಕಿಗಳನ್ನೂ ಹೊಸ ಸರ್ವರ್‌ಗೆ, ಬೇರೆ ಕಂಪನಿಯ ಪ್ಯಾನೆಲ್‌ಗೆ ಸಾಗಿಸಬೇಕು. ಇಂಥ ಹೊತ್ತಿನಲ್ಲೇ ಭಾವ ಟ್ಯೂಬ್‌ಲೈಟ್ ಬದಲಿಸಲು ಹೋಗಿ ಸ್ಟೂಲಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಾರೆ.

"ನಿನ್ನ ಟೈಪಿಂಗ್ ಹೇಗೆ?" ಎಂದು ಭಾವ ಕೇಳಿದರು.

"ಕಾಲೇಜಲ್ಲಿ ನನ್ನಷ್ಟು ಸ್ಪೀಡ್ ಯಾರಿಗೂ ಇರ್ಲಿಲ್ಲ ಭಾವ!"

"ಸ್ಪೀಡ್ ಬೇಡ. ನಾನು ಹೇಳಿದಷ್ಟೇ ಹೊಡಿ. ಎಂಟರ್ ಒತ್ತೋ ಮೊದಲು ಓದಿ ಹೇಳು."

ಭಾವ ಹೀಗೆ. ಮಾತನ್ನು ಔಷಧಿಯ ಹಾಗೆ ಚಮಚದಲ್ಲಿ ಅಳೆದು ಕೊಡುತ್ತಾರೆ. ನಮ್ಮವರೋ, ಕೊಡಗಟ್ಟಲೆ! ಇಬ್ಬರೂ ಒಂದೇ ತಾಯಿಯ ಮಕ್ಕಳೆಂದರೆ ನಂಬುವುದು ಹೇಗೆ?

ಆ ತಾಯಿಯೂ ಆಫೀಸಿನಲ್ಲೇ ಇರುತ್ತಾರೆ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಿಯಾದವರು. ಫೋನ್ ಬಂದರೆ ಈಗಲೂ "ಸಂಪರ್ಕ ಕೊಡ್ತಾ ಇದ್ದೀನಿ, ದಯವಿಟ್ಟು ಕಾಯಿರಿ" ಎಂದು ಹೇಳಿ, ಎರಡು ಮಾರು ದೂರದಲ್ಲಿ ಕೂತ ಮಗನಿಗೆ ರಿಸೀವರ್ ಚಾಚುತ್ತಾರೆ. ನನಗೆ ನಗು ತಡೆಯಲಾಗಲಿಲ್ಲ. ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಇನ್ನೂ ನಗು ಬಂತು!

ಜೂನ್ 5, ಗುರುವಾರ

ನಾನು ಹುಟ್ಟಿದ್ದೇ ಈ ಕೆಲಸಕ್ಕೆ! ನಿನ್ನೆ ಬೀಗ ರಿಪೇರಿಯವರನ್ನು ಸಾಗಿಸಿದೆವು. ಇವತ್ತು ನಾಯಿಗಳಿಗೆ ಶಿಸ್ತು ಕಲಿಸುವವರನ್ನು. ಹಳೆಯ ಕಡೆ ಗಂಟು ಕಟ್ಟು, ಹೊಸ ಕಡೆ ಬಿಚ್ಚು, ಎಲ್ಲ ಇದೆಯೇ ಎಂದು ತಾಳೆ ನೋಡು, ಆಮೇಲೆ ವಿಳಾಸ ಬದಲಿಸು. ನಾಯಿಗಳ ಫೋಟೋಗಳೆಲ್ಲ ಹೊಸ ಕಡೆ ಒಂದೊಂದಾಗಿ ಮುಖ ತೋರಿಸಿದಾಗ ನಾನು ಚಪ್ಪಾಳೆ ತಟ್ಟಿದೆ. ಭಾವ "ಇನ್ನೂ ಮೇಲ್ ನೋಡಿಲ್ಲ" ಎಂದರು.

ಆಫೀಸಿನ ಗೋಡೆಗೆ ಒಂದು ಕರಿಹಲಗೆ ಇದೆ. ಅದರ ಮೇಲೆ ಭಾವ ಎಡಗೈಯಲ್ಲಿ ಬರೆದ ವೃತ್ತಗಳು. ಎಲ್ಲವೂ ಬದನೆಕಾಯಿಯ ಆಕಾರ. ಒಂದು ವೃತ್ತಕ್ಕೆ ಒಬ್ಬ ಗಿರಾಕಿ. ಯಾರು ಯಾರಿಗೆ ಮೇಲ್ ಬರೆಯುತ್ತಾರೋ ಅವರ ನಡುವೆ ಒಂದು ಗೆರೆ.

"ಹಾಗಾದ್ರೆ ಎಲ್ಲರ ಮೇಲ್ ಓದ್ತೀರಾ ಭಾವ?"

"ಛೆ. ಲಕೋಟೆ ಮೇಲಿನ ವಿಳಾಸ ಅಷ್ಟೇ. ಒಳಗಿಂದು ನಮಗ್ಯಾಕೆ?"

ಗೆರೆ ಇರುವವರು ಒಂದೇ ದಿನ ಜೊತೆಯಾಗಿ ಹೋಗಬೇಕು, ಇದು ಭಾವನ ಕಟ್ಟಪ್ಪಣೆ. ಯಾಕೆ ಎಂದು ಕೇಳಿದ್ದಕ್ಕೆ, ನಂಬಲಾಗದಷ್ಟು ಉದ್ದನೆಯ ಉತ್ತರ ಸಿಕ್ಕಿತು: "ಒಬ್ಬರನ್ನ ಹೊಸದಕ್ಕೆ ಕಳ್ಸಿ ಇನ್ನೊಬ್ಬರನ್ನ ಇಲ್ಲೇ ಬಿಟ್ರೆ, ಅವರು ಹೋಗಿದ್ದು ಹಳೇ ಸರ್ವರ್‌ಗೆ ಗೊತ್ತಾಗಲ್ಲ. ಇನ್ನೂ ಇಲ್ಲೇ ಇದ್ದಾರೆ ಅನ್ಕೊಂಡು ಹಳೇ ಪೆಟ್ಟಿಗೇಲೇ ಮೇಲ್ ಹಾಕ್ತಾ ಇರುತ್ತೆ. ಇವರು ಕಳ್ಸಿದ್ವಿ ಅಂತಾರೆ, ಅವರು ಬಂದಿಲ್ಲ ಅಂತಾರೆ. ಇಬ್ರೂ ನಿಜಾನೇ ಹೇಳ್ತಿರ್ತಾರೆ. ಹಳೇ ಪ್ಯಾನೆಲ್‌ನಲ್ಲಿ ಅವರ ಹೆಸರಿನ ಮುಂದೆ 'ಮೇಲ್ ಇಲ್ಲೇ' ಅಂತ ಇರೋ ಟಿಕ್ ತೆಗೆದ್ರೆ ಇದು ಆಗಲ್ಲ. ಆದ್ರೆ ಮನುಷ್ಯ ಅಂದ್ಮೇಲೆ ಮರೀತಾನೆ. ಜೊತೇಲಿ ಹೋದ್ರೆ ಮರೆಯೋಕೇ ಏನೂ ಇರಲ್ಲ."

ಇಷ್ಟಾದರೂ ನನ್ನ ಕಿವಿ ಇದ್ದದ್ದು ಇವರ ಕಡೆಗೇ. ಗಿರಾಕಿಗಳು ಗುಡುಗುತ್ತಾ ಫೋನ್ ಮಾಡುತ್ತಾರೆ. ಇವರು "ನಿಮ್ಮ ತೊಂದರೆ ನನಗೆ ಅರ್ಥ ಆಗುತ್ತೆ" ಎಂದು ಶುರು ಮಾಡುತ್ತಾರೆ. ಎರಡು ನಿಮಿಷಕ್ಕೆ ಆ ಕಡೆಯಿಂದ ನಗು ಕೇಳಿಸುತ್ತದೆ! ಎಂಥ ಗಂಡ ಸಿಕ್ಕಿದ ನನಗೆ!

ಜೂನ್ 8, ಭಾನುವಾರ

ಇವತ್ತಿನಷ್ಟು ಒಳ್ಳೆಯ ದಿನ ನನ್ನ ಜೀವನದಲ್ಲೇ ಇಲ್ಲ!

ಮಧ್ಯಾಹ್ನ ಸಿನಿಮಾಕ್ಕೆ ಹೊರಟಿದ್ದೆವು. ಅಷ್ಟರಲ್ಲಿ ಮಕ್ಕಳ ಡಾಕ್ಟರ ಫೋನ್. ಅವರ ಕ್ಲಿನಿಕ್ಕು ನಮ್ಮ ಅತಿ ದೊಡ್ಡ ಗಿರಾಕಿ. ಹಳೆಯ ಸರ್ವರ್ ನಿಧಾನ, ತಮ್ಮನ್ನು ಯಾವಾಗ ಸಾಗಿಸುತ್ತೀರಿ ಎಂದು ಕೇಳಿದರಂತೆ. ಇವರು "ನಾಳೆ ಬೆಳಿಗ್ಗೆ ಹೊಸದರಲ್ಲೇ ಇರ್ತೀರಿ ಡಾಕ್ಟ್ರೇ" ಎಂದುಬಿಟ್ಟರು. ಹಲಗೆಯ ಮೇಲೆ ಕ್ಲಿನಿಕ್ಕಿನ ವೃತ್ತದಿಂದ ಲ್ಯಾಬ್ ಅಕ್ಕನ ವೃತ್ತಕ್ಕೆ ದಪ್ಪ ಗೆರೆ ಇದೆ. ಲ್ಯಾಬ್ ಅಕ್ಕ ಎಂದರೆ ಪಕ್ಕದ ಬೀದಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟುಕೊಂಡಿರುವವರು. ಇಬ್ಬರ ಸರದಿಗೂ ಇನ್ನೂ ಒಂದು ವಾರ ಇದೆ.

"ಭಾವನ್ನ ಕೇಳೋಣ್ವಾ?" ಎಂದೆ. ಭಾವ ಮೇಲೆ ಮಲಗಿದ್ದರು.

"ಅಣ್ಣನಿಗೆ ನೆರಳು ಕಂಡ್ರೂ ಭಯ. ಒಬ್ಬರನ್ನೇ ಕಳ್ಸಿ ಆ ಟಿಕ್ ತೆಗೆದ್ರೆ ಮುಗೀತು. ನಾನಿದ್ದೀನಲ್ಲ ಬಂಗಾರ!"

ಇವರು ಹೇಳಿದರು, ನಾನು ಟೈಪ್ ಮಾಡಿದೆ. ಎಷ್ಟು ನಗು, ಎಷ್ಟು ತಮಾಷೆ! ಕ್ಲಿನಿಕ್ಕು ಸಲೀಸಾಗಿ ಹೊಸ ಕಡೆ ಹೋಗಿ ಕೂತಿತು. "ಇನ್ನೊಂದು ಟಿಕ್ ಬಾಕಿ" ಎಂದರು ಇವರು. ಸಿನಿಮಾ ಶುರುವಾಗುವ ಹೊತ್ತಾಗಿತ್ತು. ನಾನು ಮಾನಿಟರ್ ಆರಿಸಿ, ಇವರ ತೋಳು ಹಿಡಿದು ಎಳೆದುಕೊಂಡು ಹೋದೆ. ಅದೆಲ್ಲ ಬಂದ ಮೇಲೆ!

ಸಿನಿಮಾ ಚೆನ್ನಾಗಿರಲಿಲ್ಲ. ಯಾರು ನೋಡಿದರು ಅದನ್ನ?

ಜೂನ್ 12, ಗುರುವಾರ

ಇವತ್ತು ಇವರನ್ನು ನೋಡಬೇಕಿತ್ತು! ಡಾಕ್ಟರು ಬೆಂಕಿಯಾಗಿ ಫೋನ್ ಮಾಡಿದ್ದರು. ಮೂರು ದಿನದಿಂದ ಲ್ಯಾಬಿನ ಒಂದು ರಿಪೋರ್ಟೂ ಮೇಲ್‌ಗೆ ಬಂದಿಲ್ಲವಂತೆ. ಒಂದು ಪುಟ್ಟ ಮಗುವಿಗೆ ಎರಡನೇ ಸಲ ಸೂಜಿ ಚುಚ್ಚಿ ಬೇರೆ ಕಡೆ ಪರೀಕ್ಷೆ ಮಾಡಿಸಬೇಕಾಯಿತಂತೆ. ಡಾಕ್ಟರ ಗಂಟಲು ನನ್ನ ಮೇಜಿಗೇ ಕೇಳಿಸುತ್ತಿತ್ತು.

ಇವರು ಸ್ವಲ್ಪವೂ ಅಲುಗಲಿಲ್ಲ. "ನಮ್ಮ ಕಡೆ ಎಲ್ಲ ಪಕ್ಕಾ ಇದೆ ಡಾಕ್ಟ್ರೇ. ಬೇರೆಯವರ ಮೇಲ್ ಎಲ್ಲ ಬರ್ತಿದೆ ತಾನೇ? ಕಳಿಸೋರು ಕಳಿಸಿದ್ರಲ್ವಾ ಬರೋದು? ಅವರದ್ದು ಸಣ್ಣ ಲ್ಯಾಬು, ಒಬ್ಬರೇ ಒದ್ದಾಡ್ತಾರೆ ಪಾಪ" ಎಂದರು. ಡಾಕ್ಟರು ತಣ್ಣಗಾದರು. ಕೊನೆಗೆ ಅವರೇ ತಮ್ಮ ಸೋದರನ ಹೊಸ ಆಸ್ಪತ್ರೆಯ ವಿಷಯ ಎತ್ತಿದರಂತೆ. ಅದರ ವೆಬ್‌ಸೈಟೂ ನಮಗೇ ಬರಬಹುದು!

ಭಾವ ಪ್ಲಾಸ್ಟರ್ ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಇದ್ದಿದ್ದರೆ ತಮ್ಮನ ಜಾಣತನ ನೋಡಬಹುದಿತ್ತು.

ಜೂನ್ 13, ಶುಕ್ರವಾರ

ಬೆಳಿಗ್ಗೆ ಲ್ಯಾಬ್ ಅಕ್ಕ ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದರು.

"ಏನಪ್ಪಾ, ನಾನು ಕಳ್ಸಿದ್ದೆಲ್ಲ ಎಲ್ಲಿಗೆ ಹೋಯ್ತು? ಗಾಳಿಗಾ?"

"ಬನ್ನಿ ಅಕ್ಕ, ಕೂತ್ಕೊಳ್ಳಿ. ನಿಮ್ಮ ತೊಂದರೆ ನನಗೆ..."

"ಕೂತ್ಕೊಳ್ಳೋಕೆ ಬಂದಿಲ್ಲ ನಾನು. ಸೋಮವಾರದಿಂದ ಸ್ಯಾಂಪಲ್ ಎಲ್ಲ ಬೇರೆ ಲ್ಯಾಬಿಗೆ ಕೊಡ್ತಾರಂತೆ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಆ ಕ್ಲಿನಿಕ್ಕಿಂದು. ಅದು ಹೋದ್ರೆ ಬಾಗಿಲು ಹಾಕ್ಕೋಬೇಕು. ಕಳ್ಸಿದೀನಿ ಅಂದ್ರೆ, ಸುಳ್ಳು ಹೇಳ್ಬೇಡಿ ಅಂತ ಅಷ್ಟು ಜನರ ಮುಂದೆ ಅಂದ್ರು ಡಾಕ್ಟ್ರು. ನಾನು ಕಳ್ಸೇ ಇಲ್ಲ ಅಂತ ನೀವೇ ಹೇಳಿದ್ರಂತೆ?"

"ಛೆ ಛೆ, ನಾನ್ಯಾಕಕ್ಕ ಹಾಗಂತೀನಿ? ಅವರೇ ಏನೋ ತಪ್ಪು ತಿಳ್ಕೊಂಡಿದಾರೆ. ತಲೆ ಕೆಡಿಸ್ಕೋಬೇಡಿ, ನಾನಿದ್ದೀನಲ್ಲ."

ಲ್ಯಾಬ್ ಅಕ್ಕ ನನ್ನ ಕಡೆ ನೋಡಿದರು. ನಾನು ಕೀಬೋರ್ಡ್ ನೋಡಿದೆ. ಈಗ ನಿನ್ನೆ ಬರೆದ ಪುಟ ತಿರುವಿದೆ. ಇವರು ಹಾಗೇ ಅಂದಿದ್ದಾರೆ.

ಅವರು ಹೋದ ಮೇಲೆ ಭಾವ ಕೇಳಿದರು: "ಕ್ಲಿನಿಕ್ ಯಾವಾಗ ಹೋಯ್ತು?"

ಇವರು ಬಾಯಿ ತೆರೆಯುವ ಮೊದಲೇ ನಾನು "ಭಾನುವಾರ" ಎಂದೆ. ಹೇಳುವಾಗಲೇ ಆ ಟಿಕ್ ನೆನಪಾಯಿತು. ಭಾವ ಬೈಯಲಿಲ್ಲ. ಹಳೆಯ ಸರ್ವರ್‌ನಲ್ಲಿ ಕ್ಲಿನಿಕ್ಕಿನ ಪೆಟ್ಟಿಗೆ ತೆಗೆಸಿದರು. ಲ್ಯಾಬಿನಿಂದ ಬಂದವು ಸಾಲಾಗಿ ಅಲ್ಲೇ ಇದ್ದವು, ಕಳಿಸಿದ ದಿನ, ಹೊತ್ತು ಸಮೇತ. ಯಾರೂ ತೆರೆದು ನೋಡಿರಲಿಲ್ಲ. ಯಾರಾದರೂ ನೋಡುವುದಾದರೂ ಹೇಗೆ? ಡಾಕ್ಟರ ಕಂಪ್ಯೂಟರು ಹೊಸ ಸರ್ವರ್ ಕಡೆ ಮುಖ ಮಾಡಿ ಕೂತಿತ್ತು. ಭಾವ ಹೇಳಿದಂತೆ ಎಲ್ಲವನ್ನೂ ಹೊಸ ಪೆಟ್ಟಿಗೆಗೆ ಹಾಕಿದೆ, ಟಿಕ್ ತೆಗೆದೆ.

ಇವರ ಮುಖ ಒಂದು ಗಳಿಗೆ ಬಿಳಿಚಿಕೊಂಡಿತ್ತು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದರು. "ಈಗ ಎಲ್ಲ ಒಟ್ಟಿಗೆ ಬಂದಿದೆ ನೋಡಿ ಡಾಕ್ಟ್ರೇ. ಲ್ಯಾಬಿನವರ ಕಡೆ ಎಲ್ಲೋ ಸಿಕ್ಕಾಕ್ಕೊಂಡಿತ್ತು ಅನ್ಸುತ್ತೆ. ನಾನೇ ಕೂತು ಬಿಡಿಸ್ದೆ."

ಧ್ವನಿ ನಿನ್ನೆಯದೇ. ಎಲ್ಲಿಯೂ ತಡವರಿಸಲಿಲ್ಲ.

ಇವರು ಹೊರಗೆ ಹೋದಾಗ ಭಾವನನ್ನು ಕೇಳಿದೆ: "ಹೀಗೆ ಹೇಳಿದ್ರಲ್ಲ?"

"ಅವನು ಮಾತಾಡ್ತಾನೆ, ನಾನು ರಿಪೇರಿ ಮಾಡ್ತೀನಿ. ಶುರುವಿಂದ್ಲೂ ಹೀಗೇ."

"ಲ್ಯಾಬ್ ಅಕ್ಕ?"

ಭಾವ ಪ್ಲಾಸ್ಟರಿನ ಸಂದಿಯಲ್ಲಿ ಪೆನ್ಸಿಲ್ ತೂರಿಸಿ ಕೆರೆದುಕೊಳ್ಳುತ್ತಿದ್ದರು. ಅದನ್ನೇ ಮುಂದುವರಿಸಿದರು.

ಜೂನ್ 14, ಶನಿವಾರ

ದರ್ಜಿಯವರು, ಈಜು ಕಲಿಸುವವರು, ಹಳೆಯ ಪುಸ್ತಕದಂಗಡಿಯವರು ಹೋದರು. ಈಜಿನವರ ಅರ್ಜಿ ತುಂಬುವ ಪುಟ ಮೊದಲು ತೆರೆಯಲಿಲ್ಲ. ಒಂದು ಫೋಲ್ಡರಿನ ಹೆಸರು ಹೊಸ ಕಡೆ ಬೇರೆ ಇತ್ತು. ಭಾವ ಹೇಳುವ ಮೊದಲು ನನಗೇ ಹೊಳೆಯಿತು.

ಸಂಜೆ ಇವರು ಐಸ್‌ಕ್ರೀಮ್ ತಂದರು. ನಾನು ಮಾತಾಡುತ್ತಿಲ್ಲವೆಂದು ಇವರಿಗೆ ಅನ್ನಿಸಿತಂತೆ. ಹಾಗೇನೂ ಇರಲಿಲ್ಲ.

"ಡಾಕ್ಟರಿಗೆ ನಿಜ ಹೇಳಿಬಿಡಿ" ಎಂದೆ. "ತಪ್ಪು ನಮ್ಮಿಬ್ಬರದು. ನಾನೇ ತಾನೇ ಎಳ್ಕೊಂಡು ಹೋಗಿದ್ದು?"

"ಹೇಳಿದ್ರೆ ಕ್ಲಿನಿಕ್ಕೂ ಹೋಗುತ್ತೆ, ಆಸ್ಪತ್ರೇನೂ ಹೋಗುತ್ತೆ. ಲ್ಯಾಬ್ ಅಕ್ಕನಿಗೆ ಊರಲ್ಲಿ ಬೇರೆ ಡಾಕ್ಟ್ರು ಇಲ್ವಾ?"

"ಅಷ್ಟು ಜನರ ಮುಂದೆ ಅವರಿಗೆ ಸುಳ್ಳು ಹೇಳ್ತೀರಿ ಅಂದಿದ್ದು?"

"ಪೇಪರಲ್ಲಿ ಬಂದಿಲ್ವಲ್ಲ ಬಂಗಾರ! ಐಸ್‌ಕ್ರೀಮ್ ಕರಗ್ತಿದೆ, ತಿನ್ನು."

ನಗು ಬರುವ ಹಾಗೆಯೇ ಹೇಳಿದರು. ನಾನು ನಕ್ಕೆ ಎಂದು ಕಾಣುತ್ತದೆ. ಐಸ್‌ಕ್ರೀಮ್ ಅತ್ತೆಗೆ ಕೊಟ್ಟೆ.

ಜೂನ್ 15, ಭಾನುವಾರ

ಸಿನಿಮಾಕ್ಕೆ ಕರೆದರು. ತಲೆನೋವು ಎಂದೆ. ಸ್ವಲ್ಪ ಇತ್ತು ಕೂಡ.

ಜೂನ್ 16, ಸೋಮವಾರ

ಬೆಳಿಗ್ಗೆ ಇವರು ಸ್ನಾನಕ್ಕೆ ಹೋದಾಗ ಕ್ಲಿನಿಕ್ಕಿಗೆ ಹೋದೆ. ಹೋಗಬೇಕೆಂದು ಮೊದಲೇ ತೀರ್ಮಾನಿಸಿರಲಿಲ್ಲ. ಚಪ್ಪಲಿ ಹಾಕಿಕೊಂಡೆ, ಆಮೇಲೆ ಅಲ್ಲಿದ್ದೆ.

ಮಕ್ಕಳು ಅಳುತ್ತಿದ್ದವು. ಗೋಡೆಗೆ ಜಿರಾಫೆಯ ಚಿತ್ರ, ಅದರ ಮೈಮೇಲೆ ಎತ್ತರ ಅಳೆಯುವ ಗೀಟುಗಳು. ಕೌಂಟರಿನ ಪಕ್ಕ ಸ್ಯಾಂಪಲ್ಲುಗಳ ನೀಲಿ ಡಬ್ಬ. ಅದನ್ನು ಒಯ್ಯಲು ಬೇರೆ ಲ್ಯಾಬಿನ ಮನುಷ್ಯ ಇನ್ನೂ ಬಂದಿರಲಿಲ್ಲ.

"ಮಗು ಎಲ್ಲಿ?" ಎಂದು ಕೌಂಟರಿನವಳು ಕೇಳಿದಳು.

"ಇಲ್ಲ. ನಾನು ಮೇಲ್ ನೋಡಿಕೊಳ್ಳೋ ಆಫೀಸಿನವಳು. ಡಾಕ್ಟ್ರ ಹತ್ರ ಎರಡು ಮಾತು."

ಡಾಕ್ಟರು ಸಣ್ಣ ದೇಹದವರು. ಫೋನಿನಲ್ಲಿ ಕೇಳಿದ ಗಂಟಲು ಇಷ್ಟು ಸಣ್ಣ ಮೈಯಲ್ಲಿ ಎಲ್ಲಿರುತ್ತದೋ. ನಿಂತೇ ಹೇಳಿದೆ. ಲ್ಯಾಬಿನಿಂದ ಪ್ರತಿ ರಿಪೋರ್ಟೂ ಅದೇ ದಿನ ಹೊರಟಿತ್ತು, ನಮ್ಮ ಹಳೆಯ ಸರ್ವರ್‌ನಲ್ಲಿ ಬಿದ್ದಿತ್ತು, ಒಂದು ಕೆಲಸ ಬಾಕಿ ಉಳಿಸಿ ನಾವು ಎದ್ದು ಹೋಗಿದ್ದೆವು. ಪ್ರತಿ ಮೇಲ್‌ನ ಮೇಲೆ ಅದು ಹೊರಟ ದಿನವೂ ಹೊತ್ತೂ ಇದೆ, ನೀವೇ ನೋಡಬಹುದು ಎಂದೆ.

ಅವರು ಕಂಪ್ಯೂಟರ್ ತಿರುಗಿಸಿಕೊಂಡು ಒಂದೊಂದಾಗಿ ನೋಡಿದರು. ಆ ಪುಟ್ಟ ಮಗುವಿನ ರಿಪೋರ್ಟಿನ ಮುಂದೆ ಹೆಚ್ಚು ಹೊತ್ತು ನಿಂತರು.

"ನಿಮ್ಮ ಯಜಮಾನ್ರು ಬೇರೇನೇ ಹೇಳಿದ್ರಲ್ಲಮ್ಮ?"

"ಅವರು ಹೇಳಿದ್ದು ಸುಳ್ಳು."

ಹೇಳಿದ ಮೇಲೆ ಏನೂ ಆಗಲಿಲ್ಲ. ಹೊರಗೆ ಮಗುವೊಂದು ಅಳುತ್ತಲೇ ಇತ್ತು.

ಡಾಕ್ಟರು ಕೌಂಟರಿನವಳನ್ನು ಕರೆದು, "ಆ ಹೊಸ ಲ್ಯಾಬಿನವರಿಗೆ ಬರೋದು ಬೇಡ ಅನ್ನು. ಡಬ್ಬ ಹಳೇ ಕಡೆಗೇ ಹೋಗಲಿ. ಲ್ಯಾಬಿನ ಮೇಡಂಗೆ ಒಂದು ಫೋನ್ ಹಚ್ಚು, ನಾನೇ ಮಾತಾಡ್ತೀನಿ" ಎಂದರು. ನಾನು ಬಂದುಬಿಟ್ಟೆ.

ಜೂನ್ 17, ಮಂಗಳವಾರ

ಮನೆಗೆ ಬಂದು ನಿನ್ನೆಯೇ ಇವರಿಗೆ ಹೇಳಿದ್ದೆ. ಇವತ್ತು ಜವಾಬು ಬಂತು.

"ಮದ್ವೆ ಆಗಿ ಎಷ್ಟು ದಿನ ಆಯ್ತು ಅಂತ ಗಂಡನ್ನ ಬೀದೀಲಿ ನಿಲ್ಲಿಸ್ದೆ? ಸುಳ್ಳು ಅಂತ ಆ ಪದಾನೇ ಬಳಸ್ಬೇಕಿತ್ತಾ? ಬೇರೆ ಪದ ಸಿಗ್ಲಿಲ್ವಾ ನಿನಗೆ?"

"ಸಿಗಲಿಲ್ಲ" ಎಂದೆ. ನಿಜಕ್ಕೂ ಹುಡುಕಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಪಕ್ಕ ಬಂದು ಕೂತರು. ಕೈ ಹಿಡಿದುಕೊಂಡರು. "ನೋಡು ಬಂಗಾರ. ನಿನ್ನ ತೊಂದರೆ ನನಗೆ ಅರ್ಥ ಆಗುತ್ತೆ" ಎಂದರು. ಮುಂದೆಯೂ ಹೇಳುತ್ತಾ ಹೋದರು. ಮಾತು ಎಲ್ಲಿ ನಿಧಾನವಾಗುತ್ತದೆ, ಎಲ್ಲಿ ಸಣ್ಣ ನಗು ಬರುತ್ತದೆ ಎಂಬುದು ನನಗೆ ಮೊದಲೇ ಗೊತ್ತಾಗುತ್ತಿತ್ತು. ಚೆನ್ನಾಗಿಯೇ ಮಾತಾಡಿದರು. ಇವರ ಮೇಲೆ ಕೋಪವೇನೂ ಇಲ್ಲ ನನಗೆ.

ಸೊಪ್ಪು ಬಿಡಿಸುವಾಗ ಅತ್ತೆ ಹೇಳಿದರು: "ಎಕ್ಸ್‌ಚೇಂಜಲ್ಲಿ ಎರಡೂ ಕಡೆ ಮಾತು ಕೇಳಿಸ್ಕೊಂಡು ಸುಮ್ನಿರೋದೇ ಕೆಲಸ ನಮಗೆ. ಮನೇಲೂ ಅದೇ ಅಭ್ಯಾಸ ಆಗೋಯ್ತು ಕಣೇ. ಮಗ ಅಂತ ಬೇರೆ." ಸೊಪ್ಪಿನ ಕಟ್ಟು ಕೆಳಗಿಟ್ಟು, "ನಿನ್ನೆ ಡಾಕ್ಟ್ರು ಏನಂದ್ರು? ಪೂರ್ತಿ ಹೇಳು. ಅರ್ಧಂಬರ್ಧ ಬೇಡ" ಎಂದರು. ಪೂರ್ತಿ ಹೇಳಿದೆ. ಜಿರಾಫೆಯನ್ನೂ ಸೇರಿಸಿ.

ಜೂನ್ 18, ಬುಧವಾರ

ಡಾಕ್ಟರ ಮೇಲ್ ಬಂತು. ಬೇರೆ ಕಂಪನಿಗೆ ಹೋಗುತ್ತಾರಂತೆ. ತಮ್ಮದೆಲ್ಲವನ್ನೂ ಗಂಟು ಕಟ್ಟಿ ಕೊಡಬೇಕೆಂದು ಕೇಳಿದ್ದಾರೆ. ಆಸ್ಪತ್ರೆಯ ಮಾತೇ ಇಲ್ಲ.

ಇವರು "ಕೊಡೋದೇನೂ ಅರ್ಜೆಂಟಿಲ್ಲ. ತಿಂಗಳ ಕೊನೇ ತನಕ ಎಳೀರಿ, ಆಗ ದಾರಿಗೆ ಬರ್ತಾರೆ" ಎಂದರು.

"ಕಟ್ಟಿ ಕೊಡಮ್ಮ" ಎಂದರು ಭಾವ ನನಗೆ.

"ಅಣ್ಣ, ನೀನು ಸುಮ್ನಿರು."

"ಸುಮ್ನಿದ್ದಿದ್ದು ಸಾಕು. ಮುರಿದಿರೋದು ನನ್ನ ಕೈ. ಬಾಯಲ್ಲ."

ಅತ್ತೆಯ ಮೇಜಿನ ಫೋನ್ ಹೊಡೆದುಕೊಳ್ಳುತ್ತಿತ್ತು. ಅವರು ಎತ್ತಿಕೊಳ್ಳದೆ ನಮ್ಮನ್ನೇ ನೋಡುತ್ತಿದ್ದರು.

ಕ್ಲಿನಿಕ್ಕನ್ನು ಕಟ್ಟಿದೆ. ಫೈಲುಗಳು, ಡೇಟಾಬೇಸು, ಮೇಲ್ ಪೆಟ್ಟಿಗೆಗಳು. ಒಂದನ್ನೂ ಬಿಡಲಿಲ್ಲ. ಎರಡು ಸಲ ತಾಳೆ ನೋಡಿದೆ.

ಜೂನ್ 21, ಶನಿವಾರ

ಮಧ್ಯಾಹ್ನ ಲ್ಯಾಬ್ ಅಕ್ಕ ಬಂದರು. ಈ ಸಲ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟು, ಕೂತುಕೊಂಡರು. ಕೂದಲಲ್ಲಿ ಇಷ್ಟು ನರೆ ಇದೆಯೆಂದು ಗೊತ್ತಿರಲಿಲ್ಲ.

"ಸೋಮವಾರದಿಂದ ಸ್ಯಾಂಪಲ್ ನನಗೇ ಬರ್ತಿದೆ ಕಣಮ್ಮ. ಡಾಕ್ಟ್ರು ಫೋನ್ ಮಾಡಿ ತಪ್ಪಾಯ್ತು ಅಂದ್ರು. ನೀನು ಹೋಗಿದ್ದೆಯಂತೆ."

"ಹೂಂ."

"ನಿನ್ನ ಮೇಲೆ ನನಗೆ ಏನೂ ಇಲ್ಲ. ಆದ್ರೆ ನನ್ನ ಮೇಲ್ ಇನ್ನು ಇಲ್ಲಿ ಇಡಲ್ಲ. ನನ್ನದನ್ನೂ ಕಟ್ಕೊಡು."

ಇರಿ ಎಂದು ಹೇಳಬಹುದಿತ್ತು. ನಾನಿದ್ದೇನಲ್ಲ ಎನ್ನಬಹುದಿತ್ತು. "ಎಲ್ಲಿಗೆ ಹೋಗ್ತೀರಿ, ಅವರ ಪ್ಯಾನೆಲ್ ಯಾವುದು?" ಎಂದು ಕೇಳಿದೆ. ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ನಮ್ಮದೂ ಅಲ್ಲ, ಡಾಕ್ಟರು ಆರಿಸಿದ್ದೂ ಅಲ್ಲ, ಮೂರನೆಯದು. ಸಣ್ಣ ವೆಬ್‌ಸೈಟು. ಅವರು ಕೂತಿದ್ದ ಹಾಗೆಯೇ ಕಟ್ಟಿ ಕಳಿಸಿ, ಅಲ್ಲಿ ಬಿಚ್ಚಿಟ್ಟೆ. ಭಾವ ಪಕ್ಕದಲ್ಲಿ ಕೂತಿದ್ದರು. ಒಂದು ಸಾಲನ್ನೂ ಹೇಳಿಕೊಡಲಿಲ್ಲ.

ಕೊನೆಗೆ ಲ್ಯಾಬಿನ ಹೊಸ ಪೆಟ್ಟಿಗೆಯಿಂದ ಕ್ಲಿನಿಕ್ಕಿನ ಹೊಸ ಪೆಟ್ಟಿಗೆಗೆ ಒಂದು ಪರೀಕ್ಷೆಯ ಮೇಲ್ ಕಳಿಸಿದೆ. ಕೌಂಟರಿನವಳಿಗೆ ಫೋನ್ ಮಾಡಿ, "ಬಂತಾ?" ಎಂದೆ.

"ಒಂದ್ನಿಮಿಷ. ಹಾಂ, ಬಂತು."

ಅಲ್ಲಿಂದ ಇಲ್ಲಿಗೂ ಒಂದು ಬರೆಸಿದೆ. ಅದೂ ಬಂತು. ಲ್ಯಾಬ್ ಅಕ್ಕ ತಾವೇ ಪರದೆಯ ಹತ್ತಿರ ಬಗ್ಗಿ ನೋಡಿ, ಹೆಲ್ಮೆಟ್ ಎತ್ತಿಕೊಂಡು, ನನ್ನ ಭುಜ ತಟ್ಟಿ ಹೋದರು.

ಇವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಇಬ್ಬರೂ ಹೋದ್ರು. ಈಗ ಸಮಾಧಾನ ಆಯ್ತಾ ನಿನಗೆ?"

ಕೊಂಕು ಎಂದು ಗೊತ್ತಾಯಿತು. ಆದರೂ ಕೇಳಿದರಲ್ಲ ಎಂದು ಒಂದು ಗಳಿಗೆ ಯೋಚಿಸಿ ನೋಡಿದೆ.

"ಆಯ್ತು" ಎಂದೆ.